ಬಾಬ್ ಜೇಮ್ಸ್: ಜಾಗ ಬಿಟ್ಟು ನುಡಿಸೋ ಕೈ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡೋದು ಅಮೆರಿಕದ ಕೀಬೋರ್ಡ್ ವಾದಕ ಬಾಬ್ ಜೇಮ್ಸ್ ಬಗ್ಗೆ. ಹೆಸರು ಕೇಳಿಲ್ಲ ಅಂದ್ರೂ ಪರವಾಗಿಲ್ಲ, ಅವರ ಕೈಯಿಂದ ಬಂದ ಸದ್ದು ನಿಮ್ಮಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದಿರುತ್ತೆ, ಯಾವುದೋ ರ‍್ಯಾಪ್ ಹಾಡಿನ ಹಿಂದೆ ಇರಬಹುದು, ಹಳೇ ಅಮೆರಿಕನ್ ಟಿವಿ ಸೀರಿಯಲ್ ಶುರುವಾಗೋವಾಗ ಇರಬಹುದು. ಆಫೀಸಿಂದ ವಾಪಸ್ ಬರ್ತಾ ಕಾರಲ್ಲಿ ಕೇಳ್ತಿರೋರು, ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಕೇಳ್ತಿರೋರು, ಮಗಳ ಕೀಬೋರ್ಡ್ ಕ್ಲಾಸ್ ಮುಗಿಯೋವರೆಗೂ ಹೊರಗೆ ಸ್ಕೂಟರ್ ಮೇಲೆ ಕೂತಿರೋರು, ನಿಮಗೆಲ್ಲ ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ಮಾತು. ಈ ಮನುಷ್ಯ ನುಡಿಸೋದನ್ನ ಕೇಳೋವಾಗ ಅವರು ಎಲ್ಲಿ ಜಾಗ ಬಿಟ್ಟಿದಾರೆ ಅಂತ ಕೇಳಿ. ಅಷ್ಟೇ. ಉಳಿದದ್ದೆಲ್ಲ ಆಮೇಲೆ.

ಹುಟ್ಟಿದ್ದು 1939ರ ಡಿಸೆಂಬರ್ 25, ಮಿಸೌರಿ ರಾಜ್ಯದ ಮಾರ್ಷಲ್ ಅನ್ನೋ ಸಣ್ಣ ಊರಲ್ಲಿ. ಮಿಷಿಗನ್ ಯೂನಿವರ್ಸಿಟೀಲಿ ಸಂಗೀತ ಓದ್ತಿದ್ದಾಗ, 1962ರಲ್ಲಿ, ನೋಟರ್ ಡೇಮ್ ಯೂನಿವರ್ಸಿಟಿಯ ಕಾಲೇಜು ಜಾಝ್ ಉತ್ಸವಕ್ಕೆ ತಮ್ಮ ಟ್ರಿಯೊ ಕರ್ಕೊಂಡು ಹೋಗಿದ್ರು, ತೀರ್ಪುಗಾರರ ಸಾಲಲ್ಲಿ ಹೆಸರಾಂತ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಕೂತಿದ್ರು, ಅವರಿಗೆ ಹಿಡಿಸ್ತು, ಅವರೇ ಮೊದಲನೇ ರೆಕಾರ್ಡ್ ಮಾಡಿಸಿದ್ರು. ಇಲ್ಲೀವರೆಗೂ ಸರಿ. ಆದ್ರೆ ಎರಡನೇ ರೆಕಾರ್ಡು, 1965ರ 'ಎಕ್ಸ್‌ಪ್ಲೋಶನ್ಸ್', ಇದ್ಯಲ್ಲ, ಅದ್ರಲ್ಲಿ ಟೇಪಲ್ಲಿ ಕತ್ತರಿಸಿ ಅಂಟಿಸಿದ ಎಲೆಕ್ಟ್ರಾನಿಕ್ ಸದ್ದು, ಒಂದಕ್ಕೊಂದು ತಾಳೆ ಆಗದ ಸ್ವರಗಳು, ಪಕ್ಕಾ ಪ್ರಯೋಗ. ಇವರು ಮುಂದೆ ನುಡಿಸಿದ ಮೆತ್ತನೆಯ ಜಾಝ್, ಅಂದ್ರೆ ಸ್ಮೂತ್ ಜಾಝ್, ಹೋಟೆಲ್ ಲಿಫ್ಟಲ್ಲಿ ಹಾಕೋ ಮ್ಯೂಸಿಕ್ ಅಂತ ಮೂಗು ಮುರಿಯೋರು ದಯವಿಟ್ಟು ಮೊದ್ಲು ಅದನ್ನ ಕೇಳಿ ಬನ್ನಿ, ಆಮೇಲೆ ಮಾತಾಡೋಣ. ಆ ಗಲಾಟೆಯೆಲ್ಲ ಕೈಗೆ ಬರ್ತಿದ್ದವರು ಬೇಕಂತಲೇ ಸರಳವಾಗಿ ನುಡಿಸೋಕೆ ಶುರು ಮಾಡಿದ್ದು. ಬರದೇ ಇದ್ದದ್ದಕ್ಕಲ್ಲ.

ಆ ಸರಳತೆ ಎಲ್ಲಿಂದ ಬಂತು ಅಂದ್ರೆ, ನನ್ನ ಪ್ರಕಾರ ಸಾರಾ ವಾನ್ ಅವರಿಂದ. ಅರವತ್ತರ ದಶಕದಲ್ಲಿ ಕೆಲವು ವರ್ಷ ಆ ಮಹಾ ಗಾಯಕಿಯ ಜೊತೆ ಪಿಯಾನೊಗೆ ಕೂತಿದ್ರು ಬಾಬ್ ಜೇಮ್ಸ್. ಕಛೇರೀಲಿ ಪಕ್ಕವಾದ್ಯದೋರನ್ನ ನೋಡಿದೀರಲ್ಲ, ಹಾಡೋರು ಸ್ವರ ಎಳೀತಿರುವಾಗ ಬಿಲ್ಲು ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋ ಪಿಟೀಲಿನೋರೇ ದೊಡ್ಡೋರು, ಎಲ್ಲಾ ಕಡೆ ತುಂಬಿಸೋರಲ್ಲ. ಅದೇ ಬುದ್ಧಿ ಇವರಿಗೆ ಅಲ್ಲಿ ಬಂತು. ಜಾಗ ಬಿಡೋದು.

ಆಮೇಲೆ ಕ್ರೀಡ್ ಟೇಲರ್ ಅವರ ಸಿಟಿಐ ರೆಕಾರ್ಡ್ ಕಂಪನಿ. ಎಪ್ಪತ್ತರ ದಶಕ. ಅಲ್ಲಿ ಬಾಬ್ ಜೇಮ್ಸ್ ಮುಖ್ಯವಾಗಿ ಅರೇಂಜರ್, ಅಂದ್ರೆ ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ನಿರಬೇಕು ಅಂತ ಬರೆದುಕೊಡೋರು. 1971ರಲ್ಲಿ ಹ್ಯಾಂಕ್ ಕ್ರಾಫರ್ಡ್ ಅನ್ನೋ ಆಲ್ಟೊ ಸ್ಯಾಕ್ಸೊಫೋನ್ ವಾದಕರಿಗೆ ಅಂತ ಒಂದು ರೆಕಾರ್ಡಿಗೆ ಎಲ್ಲಾ ಬರೆದಿಟ್ಟಿದ್ರು, ಅವರು ಬರೋಕಾಗ್ಲಿಲ್ಲ, ಬೇರೆಯವರ ಹಿಂದೆ ನುಡಿಸ್ಕೊಂಡಿದ್ದ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಕೈಗೆ ಆಲ್ಟೊ ಕೊಟ್ಟು ನಿಲ್ಲಿಸಿದ್ರು. 'ಇನ್ನರ್ ಸಿಟಿ ಬ್ಲೂಸ್' ಆ ರೆಕಾರ್ಡು. ಗ್ರೋವರ್ ಬದುಕೇ ಬದಲಾಯ್ತು. ಮುಂದೆ 'ಮಿಸ್ಟರ್ ಮ್ಯಾಜಿಕ್' ಬಂತು, ಅದನ್ನೂ ಹೊಂದಿಸಿದ್ದು ಬಾಬ್ ಜೇಮ್ಸ್. ಸ್ಮೂತ್ ಜಾಝ್ ಅನ್ನೋ ಹೆಸರು ಚಾಲ್ತಿಗೆ ಬರೋಕೆ ಮುಂಚೆನೇ ಅದರ ಅಸ್ತಿವಾರ ಹಾಕಿ ಆಗಿತ್ತು ಅಂತ ನಾನು ಹೇಳೋದು ಇದಕ್ಕೇ.

ಈಗ ನನಗೆ ತುಂಬ ಇಷ್ಟವಾದ ಕಥೆ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. 1974, ನ್ಯೂಜರ್ಸಿಯ ಎಂಗಲ್‌ವುಡ್ ಕ್ಲಿಫ್ಸ್, ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊ, ಸ್ಯಾಕ್ಸೊಫೋನ್ ದಿಗ್ಗಜ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ರೆಕಾರ್ಡ್ ಆಗಿದ್ದ ಜಾಗಾನೇ. ಬಾಬ್ ಜೇಮ್ಸ್ ತಮ್ಮ ಸ್ವಂತ ಹೆಸರಲ್ಲಿ ಸಿಟಿಐಗೆ ಮೊದಲ ಆಲ್ಬಮ್ ಮಾಡ್ತಿದಾರೆ, ಹೆಸರು 'ಒನ್'. ಮುಖ್ಯ ಐಟಮ್‌ಗಳೆಲ್ಲ ಬೇರೆ ಇದ್ವು, ರಷ್ಯನ್ ಸಂಗೀತಗಾರ ಮುಸೋರ್ಗ್‌ಸ್ಕಿಯ ಒಂದು ದೊಡ್ಡ ಕೃತಿಯನ್ನೇ ತಗೊಂಡು ತಿರುಗಿಸಿ ಮಾಡಿದ್ದೊಂದು, ಎಲ್ಲರ ಬಾಯಲ್ಲಿದ್ದ ಹಿಟ್ ಹಾಡೊಂದು. ಕೊನೇಲಿ ಇನ್ನೊಂದು ಬೇಕಿತ್ತು, ಜಾಗ ತುಂಬಿಸೋಕೆ. ಅದೇ 'ನಾಟಿಲಸ್'. ಅದು ಫಿಲ್ಲರ್ ಆಗಿತ್ತು ಅಂತ ಅವರೇ ಹೇಳ್ಕೊಂಡಿದಾರೆ. ಎಲ್ಪಿಯ ಎರಡನೇ ಬದಿಯ ಕಟ್ಟಕಡೇಲಿ ಹಾಕಿದ್ರು. ಎಲ್ಪಿ ಹಾಕಿ ಕೇಳಿದೋರಿಗೆ ಗೊತ್ತು ಅದು ಎಂಥಾ ಜಾಗ ಅಂತ: ತಟ್ಟೆ ತಿರುಗೋ ವೇಗ ಒಂದೇ, ಆದ್ರೆ ಮುಳ್ಳು ನಡುವಿನ ಲೇಬಲ್ ಹತ್ತಿರ ಬಂದ ಹಾಗೆ ಸುತ್ತು ಚಿಕ್ಕದಾಗುತ್ತೆ, ಅಷ್ಟೇ ಸಂಗೀತ ಕಮ್ಮಿ ಉದ್ದದಲ್ಲಿ ತುರುಕ್ಬೇಕು, ಅಲ್ಲಿ ಸದ್ದು ಸ್ವಲ್ಪ ಮಂಕಾಗುತ್ತೆ. ಹಿಟ್ ಆಗ್ಲಿ ಅನ್ನೋ ಹಾಡನ್ನ ಸಾಮಾನ್ಯವಾಗಿ ಅಲ್ಲಿ ಇಡಲ್ಲ.

ಅವರು ಅದ್ರಲ್ಲಿ ನುಡಿಸಿದ್ದು ಫೆಂಡರ್ ರೋಡ್ಸ್, ಎಲೆಕ್ಟ್ರಿಕ್ ಪಿಯಾನೊ. ಒಳಗೆ ತಂತಿ ಇರಲ್ಲ, ಸಣ್ಣ ಸ್ಟೀಲ್ ಕಡ್ಡಿಗಳು, ಕೀ ಒತ್ತಿದ್ರೆ ಸುತ್ತಿಗೆ ಬಂದು ಕಡ್ಡಿಗೆ ಹೊಡೆಯುತ್ತೆ, ಎದುರುಗಡೆ ಎಲೆಕ್ಟ್ರಿಕ್ ಗಿಟಾರಲ್ಲಿರೋ ಥರ ಆ ಅದುರನ್ನ ಹಿಡಿದು ಕರೆಂಟ್ ಮಾಡೋ ಪಿಕಪ್ ಇರುತ್ತೆ. ಮೆತ್ತಗೆ ಒತ್ತಿದ್ರೆ ಗಂಟೆ ನಾದ, ಜೋರಾಗಿ ಒತ್ತಿದ್ರೆ ಗುರ್ ಅನ್ನೋ ಒರಟು ಸದ್ದು. ನಾಟಿಲಸ್ ಶುರುವಲ್ಲಿ ಆ ಗಂಟೆ ನಾದ ತೇಲ್ತಾ ಬರುತ್ತೆ, ಕೆಳಗೆ ಗ್ಯಾರಿ ಕಿಂಗ್ ಅವರ ಬೇಸ್ ಒಂದೇ ಸಾಲನ್ನ ಮತ್ತೆ ಮತ್ತೆ ಹೇಳುತ್ತೆ, ಡ್ರಮ್ಸಲ್ಲಿ ಇದ್ರಿಸ್ ಮುಹಮ್ಮದ್. ಬಾಬ್ ಜೇಮ್ಸ್ ಅದ್ರ ಮೇಲೆ ಎರಡು ಸ್ವರ ಇಡ್ತಾರೆ, ಸುಮ್ನಾಗ್ತಾರೆ. ಮತ್ತೆ ಇಡ್ತಾರೆ, ಸುಮ್ನಾಗ್ತಾರೆ.

ಹತ್ತು ಹದಿನೈದು ವರ್ಷ ಯಾರೂ ಅದನ್ನ ದೊಡ್ಡದಾಗಿ ಗಮನಿಸ್ಲಿಲ್ಲ. ಆಮೇಲೆ ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಹಳೇ ಎಲ್ಪಿಗಳನ್ನ ಜಾಲಾಡೋಕೆ ಶುರು ಮಾಡಿದ್ರು, ಮಾತು ಕೂರಿಸೋಕೆ ಖಾಲಿ ಇರೋ ತುಣುಕು ಬೇಕಿತ್ತು ಅವರಿಗೆ. ಖಾಲಿ! ಪೂರ್ತಿ ತುಂಬಿಸಿ ನುಡಿಸಿದ ರೆಕಾರ್ಡ್ ಅವರಿಗೆ ಉಪಯೋಗ ಇಲ್ಲ, ಮಾತು ಎಲ್ಲಿ ಹಾಕ್ತಾರೆ? ನಾಟಿಲಸ್ ಸಿಕ್ತು. 1988ರಲ್ಲೇ ಎರಿಕ್ ಬಿ ಮತ್ತು ರಾಕಿಮ್ ಅದನ್ನ ತಗೊಂಡ್ರು, ಸ್ಲಿಕ್ ರಿಕ್ ತಗೊಂಡ್ರು, 1996ರಲ್ಲಿ ಗೋಸ್ಟ್‌ಫೇಸ್ ಕಿಲ್ಲಾ ತಗೊಂಡ್ರು, ಆಮೇಲೆ ಲೆಕ್ಕ ಇಡೋಕಾಗದಷ್ಟು ಜನ. ಇನ್ನೊಂದು, 1975ರ 'ಟು' ಆಲ್ಬಮ್ಮಲ್ಲಿ ಪಾಲ್ ಸೈಮನ್ ಅವರ ಒಂದು ಹಾಡನ್ನ ತಗೊಂಡು ನುಡಿಸಿದಾರೆ, ಅದರ ಶುರುವಿನ ಕೆಲವೇ ಸೆಕೆಂಡು, ಬರೀ ಡ್ರಮ್ಸು ಮತ್ತೆ ಟಿಂಗ್ ಟಿಂಗ್ ಅನ್ನೋ ಲೋಹದ ಗಂಟೆ, ಅದನ್ನೇ ಇಟ್ಕೊಂಡು ರನ್ ಡಿಎಂಸಿ ಅನ್ನೋ ರ‍್ಯಾಪ್ ಗುಂಪಿನೋರು 1986ರಲ್ಲಿ 'ಪೀಟರ್ ಪೈಪರ್' ಮಾಡಿದ್ರು. ಆ ಕೆಲವು ಸೆಕೆಂಡಲ್ಲಿ ಬಾಬ್ ಜೇಮ್ಸ್ ಕೀಬೋರ್ಡ್ ಮುಟ್ಟೇ ಇಲ್ಲ! ಆದ್ರೆ ಅಲ್ಲಿ ಮುಟ್ಟಬಾರದು ಅಂತ ತೀರ್ಮಾನ ಮಾಡಿದ್ದು ಯಾರು? ಅವರೇ. ನಾನು ಆಗಿಂದ ಹೇಳ್ತಿರೋದು ಇದನ್ನೇ ಅಲ್ವಾ, ಬಿಟ್ಟ ಜಾಗ ಕೇಳಿ ಅಂತ.

ಸಮಯ ಓಡ್ತಾ ಇದೆ, ಮುಂದಿನ ನಲವತ್ತೈದು ವರ್ಷ ಬೇಗ ಬೇಗ ಹೇಳ್ಬಿಡ್ತೀನಿ. 1978ರಲ್ಲಿ 'ಟ್ಯಾಕ್ಸಿ' ಅನ್ನೋ ಟಿವಿ ಸೀರಿಯಲ್‌ಗೆ ಸಂಗೀತ. ಶೀರ್ಷಿಕೆಗೆ ಅಂತ ಬರೆದಿದ್ದು 'ಟಚ್‌ಡೌನ್', ಸೀರಿಯಲ್ ನಿರ್ಮಾಪಕರಿಗೆ ಇಷ್ಟ ಆಗಿದ್ದು ಒಂದೇ ಒಂದು ಎಪಿಸೋಡಿನ ಪಾತ್ರಕ್ಕೆ ಅಂತ ಬರೆದ ನಿಧಾನದ ರಾಗ 'ಏಂಜೆಲಾ', ಅದೇ ಶೀರ್ಷಿಕೆ ಆಯ್ತು. ನೋಡಿ, ಇಲ್ಲೂ ಮೂಲೇಲಿದ್ದದ್ದೇ ಮುಂದೆ ಬಂತು. 1979ರಲ್ಲಿ ಗಿಟಾರ್ ವಾದಕ ಅರ್ಲ್ ಕ್ಲೂ ಜೊತೆ 'ಒನ್ ಆನ್ ಒನ್', ಗ್ರ್ಯಾಮಿ ಬಂತು. ಕ್ಲೂ ನುಡಿಸೋದು ನೈಲಾನ್ ತಂತಿ ಗಿಟಾರ್, ಸದ್ದು ಮೆತ್ತಗೆ, ಪಕ್ಕದಲ್ಲಿ ಕೀಬೋರ್ಡ್ ಸ್ವಲ್ಪ ಜಾಸ್ತಿ ಆದ್ರೂ ಅದು ಮುಳುಗಿಹೋಗುತ್ತೆ. ಆದ್ರೆ ಇಲ್ಲಿ ಮುಳುಗಲ್ಲ, ಒಂದ್ಸಲಾನೂ. 1984ರಲ್ಲಿ ಫ್ರೆಂಚ್ ಸಂಗೀತಗಾರ ರಾಮೊ ಅವರ ಕೃತಿಗಳನ್ನ ಪೂರ್ತಿ ಸಿಂಥಸೈಜರಲ್ಲಿ ನುಡಿಸಿ ಒಂದು ಆಲ್ಬಮ್ ಮಾಡಿದ್ರು, ಅದನ್ನ ಇನ್ನೊಂದು ದಿನ ಹೇಳ್ಬೇಕು, ದೊಡ್ಡ ವಿಷಯ. 1991ರಲ್ಲಿ ಫೋರ್‌ಪ್ಲೇ ಗುಂಪಿನ ಮೊದಲ ಆಲ್ಬಮ್: ಕೀಬೋರ್ಡಲ್ಲಿ ಇವರು, ಲೀ ರಿಟನೋರ್ ಗಿಟಾರ್, ನೇಥನ್ ಈಸ್ಟ್ ಬೇಸ್, ಹಾರ್ವಿ ಮೇಸನ್ ಡ್ರಮ್ಸ್. ಗಿಟಾರ್ ಸೀಟಿಗೆ ಆಮೇಲೆ ಲ್ಯಾರಿ ಕಾರ್ಲ್‌ಟನ್ ಬಂದ್ರು, ಅವರಾದ್ಮೇಲೆ ಚಕ್ ಲೋಬ್. ಮೂರು ಬೇರೆ ಬೇರೆ ಕೈ, ಮೂವರಿಗೂ ಇವರು ಬಿಟ್ಟ ಜಾಗ ಬೇರೆ ಬೇರೆ, ಕೇಳಿ ನೋಡಿದ್ರೆ ಗೊತ್ತಾಗುತ್ತೆ.

ಡೇವಿಡ್ ಸ್ಯಾನ್‌ಬೋರ್ನ್ ಹೆಸರು ಬಿಟ್ರೆ ತಪ್ಪಾಗುತ್ತೆ. 1986ರಲ್ಲಿ ಇಬ್ರೂ ಸೇರಿ 'ಡಬಲ್ ವಿಶನ್' ಮಾಡಿದ್ರು, ಅದಕ್ಕೂ ಗ್ರ್ಯಾಮಿ. ಸ್ಯಾನ್‌ಬೋರ್ನ್ ಸ್ಯಾಕ್ಸ್ ಅಂದ್ರೆ ಕೂಗು, ಅಳು, ಎದೆ ಒಡ್ಕೊಂಡು ನುಡಿಸೋರು. ಅಷ್ಟು ಜೋರಿನ ಮನುಷ್ಯನ ಪಕ್ಕ ಪೈಪೋಟಿಗೆ ಬೀಳದೇ ಕೂತಿರೋದು ಸುಲಭ ಅಲ್ಲ ರೀ. ಮತ್ತೆ ಇಬ್ರೂ ಸೇರಿ ಆಲ್ಬಮ್ ಮಾಡಿದ್ದು 2013ರಲ್ಲಿ, 'ಕ್ವಾರ್ಟೆಟ್ ಹ್ಯೂಮೇನ್', ಎಲೆಕ್ಟ್ರಿಕ್ ವಾದ್ಯ ಎಲ್ಲಾ ಪಕ್ಕಕ್ಕಿಟ್ಟು ಬರೀ ಪಿಯಾನೊ, ಸ್ಯಾಕ್ಸ್, ಬೇಸ್, ಡ್ರಮ್ಸ್. ಸ್ಯಾನ್‌ಬೋರ್ನ್ 2024ರ ಮೇ ತಿಂಗಳಲ್ಲಿ ತೀರ್ಕೊಂಡ್ರು. ಬಾಬ್ ಜೇಮ್ಸ್ ಎಂಬತ್ತು ದಾಟಿದ ಮೇಲೂ ರೆಕಾರ್ಡ್ ಮಾಡೋದು ಬಿಟ್ಟಿಲ್ಲ, 2023ರಲ್ಲಿ 'ಜಾಝ್ ಹ್ಯಾಂಡ್ಸ್' ಬಂತು.

ಈಗ ನೀವು ಕೇಳೋದು ಆ 'ಡಬಲ್ ವಿಶನ್' ಆಲ್ಬಮ್ಮಿನ ಮೊದಲ ಟ್ರ್ಯಾಕ್, 'ಮಪೂಟೊ'. ಬರೆದವರು ಮಾರ್ಕಸ್ ಮಿಲ್ಲರ್, ಬೇಸ್ ಕೂಡ ಅವರದ್ದೇ, ಡ್ರಮ್ಸ್ ಸ್ಟೀವ್ ಗ್ಯಾಡ್. ಸ್ಯಾಕ್ಸ್ ನಿಮ್ಮನ್ನ ಎಳ್ಕೊಂಡು ಹೋಗುತ್ತೆ, ಹೋಗ್ಬೇಡಿ, ಒಂದು ನಿಮಿಷನಾದ್ರೂ ಕಿವೀನ ಪಿಯಾನೊ ಮೇಲೇ ಇಡಿ, ಸ್ಯಾಕ್ಸ್ ಒಂದು ಸಾಲು ಮುಗಿಸಿ ಉಸಿರು ತಗೊಳ್ಳೋವಾಗ ಆ ಸಂದಿಯಲ್ಲಿ ಏನು ಬರುತ್ತೆ, ಸ್ಯಾಕ್ಸ್ ವಾಪಸ್ ಬರೋ ಹೊತ್ತಿಗೆ ಅದು ಹೇಗೆ ಪಕ್ಕಕ್ಕೆ ಸರಿದಿರುತ್ತೆ ಅಂತ ನೋಡಿ. ಸೌಂಡ್ ಸ್ವಲ್ಪ ಜಾಸ್ತಿ ಇಟ್ಕೊಳ್ಳಿ. ನಮಸ್ಕಾರ.