ಗುಪ್ತ ಪುಟದ ಮುದ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಹುಡುಕುವವರಿಗೆ ಒಂದು ಚಪಲವಿರುತ್ತದೆ. ಮೇಲೆ ಜೋಡಿಸಿಟ್ಟ ಗೈಡುಗಳನ್ನು ಬಿಟ್ಟು, ಕೆಳಗೆ ಗೋಣಿತಾಟಿನ ಮೇಲೆ ಬಿದ್ದಿರುವ ರಾಶಿಗೆ ಕೈ ಹಾಕುವ ಚಪಲ. ಕೆಲವು ವರ್ಷಗಳ ಹಿಂದೆ ಹಾಗೆ ಕೈ ಹಾಕಿದಾಗ ನನಗೆ ಸಿಕ್ಕಿದ್ದು ಒಂದು ಹೆಬ್ಬೊತ್ತಗೆ. ರಟ್ಟು ಕಿತ್ತುಬಂದಿತ್ತು. ಬೆನ್ನಿನ ಚರ್ಮ ಪುಡಿಯಾಗಿ ಅಂಗೈಗೆ ಅಂಟಿತು. ಶೀರ್ಷಿಕೆಯ ಪುಟವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಆದರೂ ಎರಡು ಹಾಳೆ ತಿರುವುವಷ್ಟರಲ್ಲಿ ಗೊತ್ತಾಯಿತು, ಅದು ಫರ್ಡಿನಾಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು. ಸುಮಾರು ಎಪ್ಪತ್ತು ಸಾವಿರ ಪದಗಳ ಆ ಗ್ರಂಥ ಮೊದಲು ಹೊರಬಂದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಚ್ಚುಮೊಳೆ ಒತ್ತಿದ ಉಬ್ಬು ತಾಗುತ್ತಿತ್ತು. ಈಚಿನ ಮರುಮುದ್ರಣಗಳಲ್ಲಿ ಆ ಉಬ್ಬು ಸಿಗುವುದಿಲ್ಲ. ವ್ಯಾಪಾರಿ ಎಂಟುನೂರು ಎಂದ, ನಾನು ಐನೂರು ಕೊಟ್ಟೆ. ನಿಜ ಹೇಳುತ್ತೇನೆ, ಬಸ್ಸಿನಲ್ಲಿ ಕುಳಿತಾಗ ನನಗೆ ಅವನಿಗೆ ಟೋಪಿ ಹಾಕಿದ ಖುಷಿ ಇತ್ತು.

ಆ ಖುಷಿ ರಾತ್ರಿಯವರೆಗೂ ಉಳಿಯಲಿಲ್ಲ. ಹಳೆಯ ಗ್ರಂಥಪಾಲಕರದು ಒಂದು ಜಾಣತನ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಒತ್ತುವ ಮುದ್ರೆಯನ್ನು ಒಳಗಿನ ಒಂದು ಗೊತ್ತುಮಾಡಿದ ಪುಟಕ್ಕೂ ಒತ್ತುತ್ತಾರೆ. ಅದನ್ನು ಗುಪ್ತ ಪುಟ ಎನ್ನುತ್ತಾರೆ. ಯಾವ ಪುಟ ಎಂಬುದು ಆಯಾ ಗ್ರಂಥಾಲಯದ ಸಿಬ್ಬಂದಿಗೆ ಮಾತ್ರ ತಿಳಿದಿರುತ್ತದೆ. ಬ್ಲೇಡು ಹಿಡಿದವನಿಗೆ ಇದು ತಿಳಿದಿರಲಿಲ್ಲ. ಒಂದು ಪುಟದ ಅಂಚಿನಲ್ಲಿ ನೇರಳೆ ಬಣ್ಣದ ಗುಂಡು ಮುದ್ರೆ, ಅದರೊಳಗೆ ಮಸಿಯಲ್ಲಿ ಬರೆದ ಅಕ್ಸೆಷನ್ ನಂಬರು, ಅಂದರೆ ಗ್ರಂಥಾಲಯದ ರಿಜಿಸ್ಟರಿನಲ್ಲಿ ಆ ಪ್ರತಿಯ ಕ್ರಮಸಂಖ್ಯೆ. ಮುದ್ರೆಯಲ್ಲಿದ್ದದ್ದು ಒಂದು ಊರಿನ ಗ್ರಂಥಾಲಯದ ಹೆಸರು. ಯಾವ ಊರು ಎಂದು ಇಲ್ಲಿ ಹೇಳುವುದು ಬೇಡ.

ಪುಸ್ತಕವನ್ನು ಇಟ್ಟುಕೊಳ್ಳಬೇಕೆಂದು ಆಸೆಯಾದಾಗ ಮನಸ್ಸು ಎಂಥ ಒಳ್ಳೆಯ ವಕೀಲನಾಗುತ್ತದೆ ನೋಡಿ. ನಾನೇನು ಕದ್ದೆನೇ, ದುಡ್ಡು ಕೊಟ್ಟು ತಂದೆ ಎಂದಿತು. ಇದಕ್ಕೆ ಕಾನೂನು ಒಂದೇ ಸಾಲಿನಲ್ಲಿ ಉತ್ತರ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಮಾರುವವನಿಗೇ ಇಲ್ಲದ ಒಡೆತನ ಸಾಮಾನ್ಯವಾಗಿ ಕೊಂಡವನಿಗೂ ಬರುವುದಿಲ್ಲ. ಗ್ರಂಥಾಲಯದವರೇ ಬೇಡವೆಂದು ಹಾಕಿರಬಹುದು ಎಂದಿತು. ಹಾಗೆ ಹಾಕುವುದೂ ಉಂಟು, ತಪ್ಪಲ್ಲ. ಆದರೆ ಆಗ ‘ರದ್ದಾಗಿದೆ’ ಎಂಬ ಮುದ್ರೆ ಇರಬೇಕು. ಆ ಮುದ್ರೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ ಎನ್ನಿ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಗ್ರಂಥಾಲಯದಲ್ಲಿ ಅಪರೂಪದ ಪುಸ್ತಕಗಳ ಕೋಣೆಯನ್ನು ಕಾಯಬೇಕಾದವನೇ ಎರಡು ದಶಕಕ್ಕೂ ಹೆಚ್ಚು ಕಾಲ ಪುಸ್ತಕ, ನಕ್ಷೆಗಳನ್ನು ಹೊರಗೆ ಸಾಗಿಸಿದ. ಅವನಿಂದ ಪಡೆದ ಪುಸ್ತಕ ವ್ಯಾಪಾರಿ ಅವುಗಳ ಮೇಲೆ ಅಂಥದೇ ರದ್ದು ಮುದ್ರೆ ಒತ್ತಿ ಮಾರಿದ. 2017ರಲ್ಲಿ ಲೆಕ್ಕ ಹಾಕಿದಾಗ ಹೋದ ಮಾಲಿನ ಬೆಲೆ 80 ಲಕ್ಷ ಡಾಲರಿನ ಆಸುಪಾಸು.

ಮೂರನೆಯ ವಾದವೇ ಗಟ್ಟಿ. ಅಲ್ಲಿದ್ದರೆ ಗೆದ್ದಲು ತಿನ್ನುತ್ತದೆ, ನನ್ನ ಬಳಿ ಇದ್ದರೆ ಉಳಿಯುತ್ತದೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಓದುಗರೇ, ಪುಸ್ತಕಪ್ರಿಯರೇ. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಶ್ಲೋಕವೊಂದಿದೆ. ಅದರಲ್ಲಿ ಪುಸ್ತಕವೇ ಮಾತಾಡುತ್ತದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ. ಪುಸ್ತಕ ಮೂರ್ಖನಿಗೆ ಹೆದರಿತೇ ಹೊರತು ಕಳ್ಳನ ಹೆಸರನ್ನೇ ಎತ್ತಲಿಲ್ಲ. ಬೆಲೆ ಬಲ್ಲವನು ಹಾಳು ಮಾಡಲಾರ ಎಂದು ಅದಕ್ಕೂ ನಂಬಿಕೆಯಿತ್ತೋ ಏನೋ.

ಬೆಲೆ ಬಲ್ಲ ಕಳ್ಳರಿಗೆಲ್ಲ ಹಿರಿಯನೆಂದರೆ ಗುಲ್ಯೆಲ್ಮೊ ಲಿಬ್ರಿ. ಇಟಲಿಯವನು, ಗಣಿತಜ್ಞ, ಫ್ರಾನ್ಸಿನಲ್ಲಿ ನೆಲೆಸಿದವನು. ಆ ದೇಶದ ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಪಟ್ಟಿ ಮಾಡುವ ಕೆಲಸಕ್ಕೆ ಸರ್ಕಾರ ಅವನನ್ನೇ ನೇಮಿಸಿತು. ಹುಲ್ಲಿನ ಮೆದೆಗೆ ಎತ್ತನ್ನೇ ಕಾವಲು ಹಾಕಿದ ಹಾಗೆ. 1848ರಲ್ಲಿ ಲಂಡನ್ನಿಗೆ ಓಡಿಹೋಗುವಾಗ ಅವನ ಸಾಮಾನಿನಲ್ಲಿ ಸುಮಾರು 30 ಸಾವಿರ ಪುಸ್ತಕ, ಹಸ್ತಪ್ರತಿಗಳಿದ್ದವು. ಅವು ಮಾರಾಟವಾಗಿ ಕಂಡ ಕಂಡ ಕಡೆಗೆ ಚದುರಿದವು.

ಅವನು ಪ್ಯಾರಿಸ್ಸಿನ ಇನ್‌ಸ್ಟಿಟ್ಯೂಟ್ ದ ಫ್ರಾನ್ಸಿನಿಂದ ಎಗರಿಸಿದ್ದರಲ್ಲಿ ತತ್ತ್ವಶಾಸ್ತ್ರಜ್ಞ ದೆಕಾರ್ತೆ 1641ರ ಮೇ 27ರಂದು ಬರೆದ ಒಂದು ಕಾಗದವೂ ಇತ್ತು. ಕೈಯಿಂದ ಕೈಗೆ ದಾಟಿ ಅದು ಅಮೆರಿಕದ ಹ್ಯಾವರ್‌ಫರ್ಡ್ ಎಂಬ ಸಣ್ಣ ಕಾಲೇಜಿಗೆ 1902ರಲ್ಲಿ ದಾನವಾಗಿ ಬಂತು. ಕೊಟ್ಟವರಿಗೂ ಅದರ ಚರಿತ್ರೆ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ. 2010ರಲ್ಲಿ ನೆದರ್ಲೆಂಡ್ಸಿನ ವಿದ್ವಾಂಸರೊಬ್ಬರು ಅಂತರ್ಜಾಲದಲ್ಲಿ ಹುಡುಕುತ್ತಿದ್ದಾಗ ಕಾಲೇಜಿನ ಸಂಗ್ರಹದಲ್ಲಿ ಈ ಕಾಗದ ಇರುವುದು ಕಣ್ಣಿಗೆ ಬಿತ್ತು. ಕಾಲೇಜು ಏನು ಮಾಡಬಹುದಿತ್ತು? ನೂರೆಂಟು ವರ್ಷ ಜೋಪಾನ ಮಾಡಿದ್ದೇವೆ, ನಾವು ಕದ್ದಿಲ್ಲ, ಕೋರ್ಟಿಗೆ ಹೋಗಿ ಎನ್ನಬಹುದಿತ್ತು. ಹಾಗೆನ್ನದೆ ತಾನೇ ಮುಂದಾಗಿ ಪ್ಯಾರಿಸ್ಸಿಗೆ ಬರೆದು ಕಾಗದವನ್ನು ಹಿಂದಿರುಗಿಸಿತು. ಇನ್‌ಸ್ಟಿಟ್ಯೂಟ್ ಸಂತೋಷಕ್ಕೆ 15 ಸಾವಿರ ಯೂರೊ ಕೊಟ್ಟಿತು. ಕಾಗದಕ್ಕೆ ಮಾರುಕಟ್ಟೆಯಲ್ಲಿ ಬರಬಹುದಾಗಿದ್ದ ಹಣದ ಮುಂದೆ ಅದು ಚಿಲ್ಲರೆ.

ಈ ಕಥೆಯಲ್ಲಿ ಕಾಲೇಜಿನ ದೊಡ್ಡತನವನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೊಗಳಬೇಕೆಂದಿರುವುದು ಇನ್ನೊಂದನ್ನು, ಆ ಪಟ್ಟಿಯನ್ನು. ನಮ್ಮಲ್ಲಿ ಇದು ಇದೆ ಎಂದು ಒಬ್ಬರು ಬಹಿರಂಗವಾಗಿ ಬರೆದಿಟ್ಟಿದ್ದರು, ನಮ್ಮಿಂದ ಇದು ಹೋಗಿದೆ ಎಂದು ಇನ್ನೊಬ್ಬರು ಒಪ್ಪಿಕೊಂಡಿದ್ದರು. ಎರಡೂ ಇದ್ದದ್ದರಿಂದ ಕಾಗದ ಮನೆ ಸೇರಿತು.

ಕೇಂಬ್ರಿಡ್ಜಿನ ಕಥೆ ನಿಮಗೆ ನೆನಪಿರಬಹುದು. ಡಾರ್ವಿನ್ನನ ಎರಡು ಟಿಪ್ಪಣಿ ಪುಸ್ತಕಗಳು, ಅಂಗೈಯಗಲದವು. ಒಂದರಲ್ಲಿ ಅವನು 1837ರಲ್ಲಿ ಗೀಚಿದ ಜೀವವೃಕ್ಷದ ಚಿತ್ರ, ಅದರ ನೆತ್ತಿಯ ಮೇಲೆ ‘ನನಗನ್ನಿಸುತ್ತದೆ’ ಎಂಬ ಎರಡೇ ಇಂಗ್ಲಿಷ್ ಪದ. 2000ದಲ್ಲಿ ಫೋಟೋ ತೆಗೆಯಲೆಂದು ಭದ್ರತಾ ಕೊಠಡಿಯಿಂದ ಹೊರತೆಗೆದರು, 2001ರ ಜನವರಿಯಲ್ಲಿ ನೋಡಿದರೆ ಜಾಗದಲ್ಲಿಲ್ಲ. ಎಲ್ಲೋ ತಪ್ಪು ಕಪಾಟಿಗೆ ಸೇರಿರಬೇಕು ಎಂದುಕೊಂಡರು. 200 ಕಿಲೋಮೀಟರಿಗೂ ಉದ್ದದ ಕಪಾಟಿನ ಸಾಲುಗಳಿರುವ ಕಡೆ ಹಾಗೆ ಅಂದುಕೊಳ್ಳುವುದು ಸಹಜವೇ. ಹೀಗೆ ಅಂದುಕೊಂಡೇ ಇಪ್ಪತ್ತು ವರ್ಷ ಹೋಯಿತು. 2020ರ ನವೆಂಬರಿನಲ್ಲಿ ಹೊಸ ಗ್ರಂಥಪಾಲಕಿ, ಇವು ಕಳುವಾಗಿರಬೇಕು, ದಯವಿಟ್ಟು ಹುಡುಕಿಕೊಡಿ ಎಂದು ಲೋಕದ ಮುಂದೆ ಕೇಳಿಕೊಂಡರು. ಹದಿನೈದು ತಿಂಗಳ ಬಳಿಕ, 2022ರ ಮಾರ್ಚ್ 9ರಂದು, ಅವರ ಕಚೇರಿಯ ಹೊರಗೆ ನೆಲದ ಮೇಲೆ ಒಂದು ಗುಲಾಬಿ ಬಣ್ಣದ ಉಡುಗೊರೆ ಚೀಲ ಕಂಡಿತು. ಒಳಗೆ ಆ ಎರಡೂ ಪುಸ್ತಕ. ಅವುಗಳ ಹಳೆಯ ಡಬ್ಬಿಯೂ ಇತ್ತು. ಜೊತೆಗೆ ಕಂದು ಲಕೋಟೆಯ ಮೇಲೆ ಒಂದು ಸಾಲು: ಗ್ರಂಥಪಾಲಕರಿಗೆ ಈಸ್ಟರ್ ಶುಭಾಶಯಗಳು. ಆ ಜಾಗದಲ್ಲಿ ಕ್ಯಾಮೆರಾ ಇರಲಿಲ್ಲ.

ಹೆಸರು ಹೇಳದೆ ಇಟ್ಟುಹೋದದ್ದು ಸರಿಯೇ? ಬಂತಲ್ಲ, ಅಷ್ಟೇ ಸಾಕು ಎನ್ನುವವರ ಗುಂಪಿನಲ್ಲಿ ನಾನೂ ಇದ್ದೆ. ಈಗ ಅಷ್ಟು ಖಚಿತವಿಲ್ಲ. ಆ ಇಪ್ಪತ್ತು ವರ್ಷ ಅಲ್ಲಿ ಕೆಲಸ ಮಾಡಿದವರು ಎಷ್ಟೋ ಜನ. ಫೋಟೋ ತೆಗೆದವರು, ಗಾಡಿ ತಳ್ಳಿದವರು, ಬೀಗದ ಕೈ ಇಟ್ಟುಕೊಂಡಿದ್ದವರು. ಪುಸ್ತಕವನ್ನೇನೋ ಚೀಲದಲ್ಲಿ ಹಿಂದಕ್ಕೆ ಕೊಟ್ಟರು, ಆ ಜನರ ಮೇಲಿನ ಅನುಮಾನವನ್ನು ಯಾವ ಚೀಲದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದು? ಹಾಗೆಂದು, ಹೆಸರು ಹೇಳಿದರೆ ಜೈಲು ಎಂದಿದ್ದರೆ ಆ ಚೀಲ ಬರುತ್ತಿತ್ತೇ? ಬರುತ್ತಿರಲಿಲ್ಲ.

ಎದೆಯುಬ್ಬಿಸಿಕೊಂಡು ತಂದವರ ಕಥೆಯೂ ಇದೆ. 1998ರಲ್ಲಿ ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದಿಂದ ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟ ಕಳುವಾಯಿತು. ಹತ್ತು ವರ್ಷದ ನಂತರ ಒಬ್ಬಾತ, ಇದು ಕ್ಯೂಬಾದಲ್ಲಿ ಸಿಕ್ಕಿತು, ಅಸಲಿಯೇ ನೋಡಿ ಎಂದು ವಾಷಿಂಗ್ಟನ್ನಿನ ಫೋಲ್ಗರ್ ಗ್ರಂಥಾಲಯಕ್ಕೆ ತಂದ. ರಟ್ಟು ಕಿತ್ತು ಹಾಕಿ, ಗುರುತು ಹೇಳುವ ಪುಟ ತೆಗೆದಿದ್ದರೂ ಅಲ್ಲಿಯವರು ಗುರುತಿಸಿಬಿಟ್ಟರು. ಕದ್ದದ್ದು ಅವನೇ ಎಂದು ಸಾಬೀತಾಗಲಿಲ್ಲ. ಕಳವಿನ ಮಾಲು ಇಟ್ಟುಕೊಂಡದ್ದಕ್ಕೂ ಅದನ್ನು ದೇಶದಿಂದ ಹೊರಗೆ ಸಾಗಿಸಿದ್ದಕ್ಕೂ ಸೇರಿ ಎಂಟು ವರ್ಷ ಶಿಕ್ಷೆಯಾಯಿತು. ಆ ರಟ್ಟು ಕಿತ್ತ ಸಂಗತಿ ಓದಿದಾಗಲೆಲ್ಲ ನನ್ನ ಅಂಗೈಗೆ ಅಂಟಿದ್ದ ಚರ್ಮದ ಪುಡಿ ನೆನಪಾಗುತ್ತದೆ.

ಕಿಟೆಲ್ಲರ ವಿಷಯಕ್ಕೆ ಬರುತ್ತೇನೆ. ಪುಸ್ತಕವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಆ ಊರಿಗೆ ಹೋದೆ. ಗ್ರಂಥಪಾಲಕಿ ಸುಮಾರು ನಲವತ್ತು ವಯಸ್ಸಿನವರು. ಮುದ್ರೆ ನೋಡಿದರು, ನಂಬರು ನೋಡಿದರು, ಒಳಗೆ ಹೋಗಿ ರಟ್ಟಿನ ಮೂಲೆ ಸವೆದ ದಪ್ಪ ರಿಜಿಸ್ಟರು ತಂದರು. ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು.

“ಸಾರ್, ಈ ಪುಸ್ತಕ ಇಲ್ಲೇ ಇದೆ” ಎಂದರು.

“ಇಲ್ಲೇ ಇದೆ ಮೇಡಂ, ನಿಮ್ಮ ಮೇಜಿನ ಮೇಲೆ.”

“ಹಾಗಲ್ಲ. ದಾಖಲೆಯ ಪ್ರಕಾರ ಕಪಾಟಿನಲ್ಲಿದೆ. ಕಳೆದ ಸಲದ ತಪಾಸಣೆಯಲ್ಲೂ ಇದೆ ಎಂದು ಟಿಕ್ ಹಾಕಿದ್ದಾರೆ.”

ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಏನು ಹೇಳುತ್ತವೆ ಗೊತ್ತೇ? ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಗಳಲ್ಲಿ ಐದು ಕಳೆದರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಸಹಜ ಎಂದು ಒಪ್ಪಬಹುದು. ಆದರೆ ಸಾವಿರ ರೂಪಾಯಿಗೆ ಮೇಲ್ಪಟ್ಟದ್ದು, ಬೆಲೆ ಎಷ್ಟೇ ಇರಲಿ ಅಪರೂಪದ್ದು ಕಳೆದರೆ ವಿಚಾರಣೆ ಆಗಲೇಬೇಕು. ನಿಯಮ ಒಳ್ಳೆಯದೇ. ಆದರೆ ವಿಚಾರಣೆಗೆ, ಸಂಬಳದಿಂದ ಕಡಿತಕ್ಕೆ ಹೆದರುವ ಸಿಬ್ಬಂದಿ ಅಪರೂಪದ ಪುಸ್ತಕ ಕಳೆದಾಗಲೇ ಹೆಚ್ಚು ಮೌನವಾಗಿಬಿಡುತ್ತಾರೆ. ಸಾಮಾನ್ಯ ಕಾದಂಬರಿ ಹೋದರೆ ಹೋಯಿತು ಎಂದು ಬರೆಯುತ್ತಾರೆ. ಕಿಟೆಲ್ ಹೋದರೆ ಇದೆ ಎಂದು ಟಿಕ್ ಹಾಕುತ್ತಾರೆ. ಹೋಗಿದೆ ಎಂದು ಯಾರೂ ಹೇಳದ ಪುಸ್ತಕವನ್ನು ಸಿಕ್ಕವನು ಯಾರಿಗೆ ಕೊಡಬೇಕು? ಮುದ್ರೆ ಒಳಗಿನ ಪುಟದಲ್ಲಿ ಉಳಿಯದೇ ಹೋಗಿದ್ದರೆ ನಾನೂ ಇಟ್ಟುಕೊಳ್ಳುತ್ತಿದ್ದೆ, ಆತ್ಮಸಾಕ್ಷಿಯೂ ಚುಚ್ಚುತ್ತಿರಲಿಲ್ಲ.

ಟಿಕ್ ಹಾಕಿದ್ದು ಈ ಹೆಣ್ಣುಮಗಳಲ್ಲ. ಅವರು ಬಂದು ಎರಡು ವರ್ಷವಾಗಿತ್ತಷ್ಟೆ. ವಾಪಸು ಬಂತು ಎಂದು ಬರೆದರೆ ಹೋದದ್ದು ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಅವರ ಮೇಜಿಗೇ ಬರುತ್ತದೆ. ಚಹಾ ತರಿಸಿದರು. ಚಹಾ ಆರುವ ಹೊತ್ತಿಗೆ ಅವರಿಗೊಂದು ದಾರಿ ಹೊಳೆಯಿತು. ಈ ಪ್ರತಿಯನ್ನು ಹೊಸದಾಗಿ ದಾನವೆಂದು ಸೇರಿಸಿಕೊಳ್ಳುವುದು, ಹೊಸ ನಂಬರು ಕೊಡುವುದು.

ಹಳೆಯ ಮುದ್ರೆಯ ಪಕ್ಕದಲ್ಲೇ ಹೊಸ ಮುದ್ರೆ ಬಿತ್ತು. ದಾನಿಗಳ ಕಾಲಂನಲ್ಲಿ ನನ್ನ ಹೆಸರು ಬರೆದರು. ಬೇಡ ಎನ್ನಬೇಕಾಗಿತ್ತು, ಎನ್ನಲಿಲ್ಲ. ಅವರು ಎರಡೂ ಕೈಯಿಂದ ಪುಸ್ತಕವನ್ನೆತ್ತಿ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಖಾಲಿ ಪಂಚೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಈಗ ಆ ಗ್ರಂಥಾಲಯದ ದಾಖಲೆಯ ಪ್ರಕಾರ ಅಲ್ಲಿ ಕಿಟೆಲ್ ನಿಘಂಟಿನ ಎರಡು ಪ್ರತಿಗಳಿವೆ. ಬೀರುವಿನಲ್ಲಿರುವುದು ಒಂದೇ.

ನಮಸ್ಕಾರ.