ಹೆದ್ದಾರಿಯ ಹಳೆಯ ಕ್ರ್ಯಾಶ್ ಬ್ಯಾರಿಯರ್‌ಗಳನ್ನು ಏಕೆ ಬದಲಾಯಿಸಬೇಕು?

[ದೃಶ್ಯ: ಹೆದ್ದಾರಿಯ ಅಂಚಿನ ಉಕ್ಕಿನ ಬ್ಯಾರಿಯರ್. ನೆಲದಿಂದ ಅದರ ಮೇಲಂಚಿನವರೆಗೆ ಟೇಪು ಹಿಡಿದು ಅಳೆಯುತ್ತಿರುವ ಕೈ.]

ನಿರೂಪಣೆ: ನಮಸ್ಕಾರ. ಹೆದ್ದಾರಿಯ ಅಂಚಿನಲ್ಲಿ ಅಲೆಯಾಕಾರದ ಉಕ್ಕಿನ ಪಟ್ಟಿ ಕಂಬದಿಂದ ಕಂಬಕ್ಕೆ ಮೈಲುಗಟ್ಟಲೆ ಸಾಗುವುದನ್ನು ನಾವೆಲ್ಲರೂ ನೋಡಿದ್ದೇವೆ, ಆದರೆ ಅದರ ಎತ್ತರವನ್ನು ಅಳೆದು ನೋಡುವವರು ಕಡಿಮೆ. ಅಮೆರಿಕದಲ್ಲಿ ಬಹುಕಾಲ ಈ ಎತ್ತರ ಸುಮಾರು 27 ಇಂಚು, ಅಂದರೆ 69 ಸೆಂಟಿಮೀಟರ್‌ನಷ್ಟಿತ್ತು. ಈಗ ಅಲ್ಲಿ ಹೊಸದಾಗಿ ಅಳವಡಿಸುವ ಬ್ಯಾರಿಯರ್‌ನ ಎತ್ತರ 31 ಇಂಚು, ಸುಮಾರು 79 ಸೆಂಟಿಮೀಟರ್. ಒಂದು ಅಂಗೈ ಅಗಲದ ಈ ವ್ಯತ್ಯಾಸದಲ್ಲಿ ಎಷ್ಟೋ ಜನರ ಬದುಕು ನಿಂತಿದೆ ಎಂಬುದನ್ನು ಈ ವಿಡಿಯೋದಲ್ಲಿ ವಿವರಿಸುತ್ತೇನೆ.

[ದೃಶ್ಯ: ನಿಧಾನಗತಿಯ ಅನಿಮೇಷನ್. ಕಾರು ಓರೆಯಾಗಿ ಬಂದು ಪಟ್ಟಿಗೆ ತಾಗುತ್ತದೆ.]

ಬ್ಯಾರಿಯರ್‌ನ ಕೆಲಸ ವಾಹನವನ್ನು ಗಕ್ಕನೆ ನಿಲ್ಲಿಸುವುದಲ್ಲ. ಓರೆಯಾಗಿ ನುಗ್ಗಿದ ವಾಹನವನ್ನು ಹಿಡಿದು, ಅದರ ರಭಸವನ್ನು ತಾನು ಹೀರಿಕೊಂಡು, ಮೆಲ್ಲಗೆ ರಸ್ತೆಯ ದಿಕ್ಕಿಗೇ ತಿರುಗಿಸುವುದು ಅದರ ಕೆಲಸ. ಹೊಡೆತ ಬಿದ್ದಾಗ ಕಂಬಗಳು ಮಣ್ಣಿನಲ್ಲಿ ವಾಲುತ್ತವೆ, ಪಟ್ಟಿ ಬಿಗಿದ ಹಗ್ಗದಂತೆ ಎಳೆತಕ್ಕೆ ಸಿಗುತ್ತದೆ, ಕಾರು ಅದಕ್ಕೆ ಮೈ ಉಜ್ಜಿಕೊಂಡು ಮುಂದೆ ಸಾಗಿ ನಿಲ್ಲುತ್ತದೆ. ಪಟ್ಟಿ ತಗ್ಗಿದ್ದರೆ ವಾಹನ ಅದನ್ನು ಹತ್ತಿ ಮಗುಚಿಕೊಳ್ಳಬಹುದು. ವಿಪರೀತ ಎತ್ತರವಿದ್ದರೆ ಸಣ್ಣ ಕಾರು ಅಡಿಗೆ ನುಸುಳಿ ಕಂಬಕ್ಕೆ ಅಪ್ಪಳಿಸಬಹುದು.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ರಸ್ತೆಗೆ ಪ್ರತಿ ಬಾರಿ ಹೊಸ ಡಾಂಬರಿನ ಪದರ ಹಾಕಿದಾಗಲೂ ರಸ್ತೆಯ ಮೈ ಮೇಲೇರುತ್ತದೆ, ಬ್ಯಾರಿಯರ್ ಮಾತ್ರ ಇದ್ದಲ್ಲೇ ಇರುತ್ತದೆ. ಐದು ಸೆಂಟಿಮೀಟರ್‌ನ ಎರಡು ಪದರ ಬಿದ್ದರೆ ಅಂಗೈ ಅಗಲದ ಎತ್ತರ ಕರಗಿಹೋಯಿತು. ಒಂದು ಬೋಲ್ಟ್ ಸಡಿಲವಾಗದಿದ್ದರೂ, ಒಂದು ಚುಕ್ಕೆ ತುಕ್ಕು ಹಿಡಿಯದಿದ್ದರೂ ಆ ಬ್ಯಾರಿಯರ್ ಹಳತಾಗಿಬಿಟ್ಟಿರುತ್ತದೆ.

[ದೃಶ್ಯ: ಪರೀಕ್ಷಾ ಅಂಗಳದಲ್ಲಿ ಪಿಕಪ್ ವಾಹನವೊಂದು ಬ್ಯಾರಿಯರ್‌ಗೆ ಢಿಕ್ಕಿ ಹೊಡೆಯುವ ಚಿತ್ರಣ.]

ವಾಹನಗಳೂ ಬದಲಾಗಿವೆ. ಅಮೆರಿಕದ 1993ರ ಪರೀಕ್ಷಾ ಮಾನದಂಡದಲ್ಲಿ ಬ್ಯಾರಿಯರ್‌ಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, 25 ಡಿಗ್ರಿ ಕೋನದಲ್ಲಿ ಢಿಕ್ಕಿ ಹೊಡೆಸುತ್ತಿದ್ದ ಪಿಕಪ್‌ನ ತೂಕ 2,000 ಕಿಲೋ. 2009ರಲ್ಲಿ ಬಂದ ಮ್ಯಾಶ್ ಎಂಬ ಹೊಸ ಮಾನದಂಡದಲ್ಲಿ ಅದನ್ನು 2,270 ಕಿಲೋಗೆ, ಸಣ್ಣ ಕಾರಿನ ತೂಕವನ್ನು 820ರಿಂದ 1,100 ಕಿಲೋಗೆ ಏರಿಸಲಾಯಿತು. 2023ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ರಸ್ತೆ ಸುರಕ್ಷತಾ ಕೇಂದ್ರವು ಮೂರು ಟನ್‌ಗಿಂತ ಹೆಚ್ಚು ತೂಕದ ವಿದ್ಯುತ್ ಪಿಕಪ್ ಒಂದನ್ನು ಇಂದಿನ ಉಕ್ಕಿನ ಬ್ಯಾರಿಯರ್‌ಗೆ ಢಿಕ್ಕಿ ಹೊಡೆಸಿ ನೋಡಿದಾಗ, ಅದು ಪಟ್ಟಿಯನ್ನು ಹರಿದುಕೊಂಡು ಆಚೆಗೆ ಹೋಯಿತು. ಬ್ಯಾಟರಿಯ ಭಾರವೆಲ್ಲ ತಳದಲ್ಲೇ ಇರುವ ಇಂಥ ವಾಹನಗಳು ಇನ್ನು ಹೆಚ್ಚಲಿವೆ.

[ದೃಶ್ಯ: ಎತ್ತರದ ಸೇತುವೆ. ಅಂಚಿನ ಕಾಂಕ್ರೀಟ್ ತಡೆಗೋಡೆಯ ಬುಡದಲ್ಲಿ ತುಕ್ಕು ಹಿಡಿದ ಬೋಲ್ಟ್.]

ತುಕ್ಕಿನ ಬೆಲೆ ಎಷ್ಟೆಂಬುದು ಇಟಲಿಗೆ ಗೊತ್ತು. 2013ರ ಜುಲೈ 28ರ ರಾತ್ರಿ, ಎ16 ಹೆದ್ದಾರಿಯ ಮೊಂಟೆಫೋರ್ಟೆ ಇರ್ಪಿನೊ ಬಳಿ, ಬ್ರೇಕ್ ಹಿಡಿತ ತಪ್ಪಿದ ಪ್ರಯಾಣಿಕರ ಬಸ್ಸೊಂದು ಆಕ್ವಾಲೊಂಗಾ ಮೇಲ್ಸೇತುವೆಯ ಅಂಚಿನ ಕಾಂಕ್ರೀಟ್ ತಡೆಗೋಡೆಯನ್ನು ತಳ್ಳಿಕೊಂಡು ಕೆಳಗೆ ಬಿದ್ದು 40 ಜನ ಸತ್ತರು. ಬಸ್ಸಿನ ದೋಷ ಒಂದು ಕಡೆಯಾದರೆ, ಗೋಡೆಯನ್ನು ಸೇತುವೆಗೆ ಬಿಗಿದಿದ್ದ ಬೋಲ್ಟುಗಳು ಸವೆದುಹೋಗಿದ್ದವು ಎಂಬುದು ತನಿಖೆಯಲ್ಲಿ ಹೊರಬಿತ್ತು. ದೂರದಿಂದ ನೋಡಿದವರಿಗೆ ಅದು ಭದ್ರವಾದ ಕಾಂಕ್ರೀಟ್ ಗೋಡೆಯಾಗಿಯೇ ಕಂಡಿರಬೇಕು. ಇದನ್ನು ಓದಿದ ಮೇಲೆ ಸೇತುವೆ ದಾಟುವಾಗಲೆಲ್ಲ ನನ್ನ ಕಣ್ಣು ಗೋಡೆಯ ಬುಡಕ್ಕೆ ಹೋಗುತ್ತದೆ.

[ದೃಶ್ಯ: ಬ್ಯಾರಿಯರ್‌ನ ತುದಿ. ಹಳೆಯ ಮೀನಿನ ಬಾಲದ ಆಕಾರ, ಪಕ್ಕದಲ್ಲಿ ಹೊಸ ಮಾದರಿ.]

ಎಲ್ಲವನ್ನೂ ಒಮ್ಮೆಗೇ ಬದಲಾಯಿಸಲು ಹಣ ಸಾಲದು ಎನ್ನುವುದು ನಿಜ. ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ ಮೊದಲು ತುದಿಗಳಿಂದ. ಮೀನಿನ ಬಾಲದಂತೆ ಅಗಲವಾಗಿ ಮುಗಿಯುವ ಹಳೆಯ ತುದಿಗೆ ವಾಹನ ನೇರವಾಗಿ ಬಡಿದರೆ ಪಟ್ಟಿ ಈಟಿಯಂತೆ ಒಳಗೆ ನುಗ್ಗಿ ಕೂತವರನ್ನು ಇರಿಯುತ್ತದೆ. ಇದನ್ನು ತಪ್ಪಿಸಲೆಂದು ತುದಿಯನ್ನು ಬಗ್ಗಿಸಿ ನೆಲದಲ್ಲಿ ಹೂಳುವ ಪದ್ಧತಿ ಬಂತು, ಆದರೆ ಆ ಇಳಿಜಾರನ್ನೇ ಏರಿ ಕಾರುಗಳು ಗಾಳಿಗೆ ಹಾರಿ ಮಗುಚಿಕೊಂಡವು. ಈಗಿನ ತುದಿಗಳಲ್ಲಿ ಒಂದು ಉಕ್ಕಿನ ತಲೆಯಿದ್ದು, ಢಿಕ್ಕಿಯಾದಾಗ ಅದು ಪಟ್ಟಿಯ ಮೇಲೆ ಹಿಂದಕ್ಕೆ ಸರಿಯುತ್ತ ಪಟ್ಟಿಯನ್ನು ಹಿಂಡಿ ಚಪ್ಪಟೆ ಮಾಡಿ ಪಕ್ಕಕ್ಕೆ ಸುರುಳಿ ಬಿಡುತ್ತದೆ, ಆ ಶ್ರಮದಲ್ಲೇ ಕಾರಿನ ವೇಗ ತಗ್ಗುತ್ತದೆ.

ಉಕ್ಕಿನ ಪಟ್ಟಿ ಸೇತುವೆಯ ಕಾಂಕ್ರೀಟ್ ಗೋಡೆಯನ್ನು ಸೇರುವ ಜಾಗವೂ ಅಷ್ಟೇ ಅಪಾಯದ್ದು. ಬಾಗುವ ಪಟ್ಟಿ ಬಾಗದ ಗೋಡೆಗೆ ಸೇರುವಲ್ಲಿ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು ಪಟ್ಟಿಯನ್ನು ಗೋಡೆಗೆ ಬಿಗಿಯದಿದ್ದರೆ, ಜಾರಿಕೊಂಡು ಬಂದ ಕಾರು ನೇರವಾಗಿ ಗೋಡೆಯ ಮೂತಿಗೆ ಹೊಡೆಯುತ್ತದೆ.

[ದೃಶ್ಯ: ಎದುರುಬದುರು ಸಂಚಾರದ ನಡುವೆ ಉಕ್ಕಿನ ತಂತಿಯ ತಡೆ.]

ಎದುರುಬದುರಾಗಿ ಬರುವ ವಾಹನಗಳ ನಡುವಿನ ತಡೆಯ ವಿಷಯದಲ್ಲಿ ಸ್ವೀಡನ್ ದಾರಿ ತೋರಿಸಿತು. 1998ರಲ್ಲಿ ಯಾವ್ಲೆ ಬಳಿಯ ಇ4 ರಸ್ತೆಯನ್ನು ಮೂರು ಪಥಗಳಾಗಿ ವಿಂಗಡಿಸಿ ನಡುವೆ ಉಕ್ಕಿನ ತಂತಿಯ ಬ್ಯಾರಿಯರ್ ಹಾಕಿದರು. ಆಮೇಲೆ ಹೀಗೆ ಪರಿವರ್ತಿಸಿದ ರಸ್ತೆಗಳಲ್ಲಿ ಸಾವುಗಳು ಸುಮಾರು ಮುಕ್ಕಾಲು ಭಾಗ ಇಳಿದವು. ಬ್ರಿಟನ್ 2005ರಿಂದ ಸಂಚಾರ ದಟ್ಟವಾಗಿರುವ ಮೋಟಾರ್‌ವೇಗಳ ವಿಭಜಕದಲ್ಲಿ ಕಾಂಕ್ರೀಟ್ ಗೋಡೆಯನ್ನು ಆರಿಸಿಕೊಂಡಿತು.

ಬೈಕ್ ಸವಾರರನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಜಾರಿ ಬಿದ್ದು ಬಂದ ಸವಾರನ ದೇಹ ಪಟ್ಟಿಯ ಅಡಿಯಿಂದ ಸಾಗಿ ಕಂಬಕ್ಕೆ ಬಡಿಯುತ್ತದೆ. ತಿರುವುಗಳಲ್ಲಾದರೂ ಕೆಳಗೆ ಇನ್ನೊಂದು ಪಟ್ಟಿ ಸೇರಿಸಿ ಆ ಸಂದಿಯನ್ನು ಮುಚ್ಚುವುದು ದೊಡ್ಡ ಕೆಲಸವೇನಲ್ಲ.

[ದೃಶ್ಯ: ಡಾಂಬರು ಹಾಸುವ ಯಂತ್ರ, ಪಕ್ಕದಲ್ಲೇ ಬ್ಯಾರಿಯರ್.]

ಕೊನೆಯದಾಗಿ, ಒಮ್ಮೆ ಏಟು ತಿಂದು ಬಾಗಿದ ಬ್ಯಾರಿಯರ್ ಮುಂದಿನ ವಾಹನವನ್ನು ಕಾಯಲಾರದು, ಆದ್ದರಿಂದ ಅದರ ದುರಸ್ತಿಗೆ ದಿನಗಳ ಗಡುವು ಇರಬೇಕು. ಡಾಂಬರೀಕರಣದ ಪ್ರತಿ ಟೆಂಡರ್‌ನಲ್ಲೂ ಬ್ಯಾರಿಯರ್‌ನ ಎತ್ತರವನ್ನು ಮರಳಿ ಅಳೆದು ಸರಿಪಡಿಸುವ ಕೆಲಸ ಸೇರಿರಬೇಕು. ಡಾಂಬರು ಹಾಸಿದ ಗುತ್ತಿಗೆದಾರನ ಕೊನೆಯ ಬಿಲ್ಲು ಪಾಸಾಗುವುದು ಆ ಅಳತೆ ದಾಖಲಾದ ನಂತರವೇ ಆಗಬೇಕು.