ಮಾತ್ರೆಯ ಜೊತೆಗೊಂದು ಮಾತು

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಜ್ವರ. ತಾಯಿ ಸಿರಪ್ ಬಾಟಲಿ ತೆರೆದು ಅಡುಗೆಮನೆಯಿಂದ ಚಮಚ ತರುತ್ತಾಳೆ. ಕೊಡಬೇಕಾದದ್ದು 5 ಎಂ.ಎಲ್. ಆದರೆ ಮನೆಯ ಚಮಚಗಳು ಒಂದೇ ಅಳತೆಯವಲ್ಲ. ಒಂದರಲ್ಲಿ ಔಷಧ ಕಡಿಮೆಯಾದರೆ ಇನ್ನೊಂದರಲ್ಲಿ ಹೆಚ್ಚಾಗುತ್ತದೆ. ಆ ತಾಯಿಯದೇನೂ ತಪ್ಪಿಲ್ಲ. ಗೆರೆ ಹಾಕಿದ ಅಳತೆಯ ಮುಚ್ಚಳವನ್ನು ಯಾರಾದರೂ ಆಕೆಯ ಕೈಗಿಟ್ಟು ತೋರಿಸಬೇಕಿತ್ತು.

ತೋರಿಸಲು ಎಲ್ಲರಿಗಿಂತ ಹತ್ತಿರ ಇರುವವರು ಫಾರ್ಮಸಿಸ್ಟ್. ಔಷಧ ಮನೆ ಸೇರುವ ಮುನ್ನ ಅದನ್ನು ಕೈಯಲ್ಲಿ ಹಿಡಿಯುವ, ಅದರ ಗುಣ ಬಲ್ಲ ಕೊನೆಯ ವ್ಯಕ್ತಿ ಅವರೇ.

ದೀರ್ಘಕಾಲದ ಕಾಯಿಲೆಯವರಲ್ಲಿ, ಮುಂದುವರಿದ ದೇಶಗಳಲ್ಲೂ, ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಇದನ್ನು ಬರೀ ಮರೆವು ಎನ್ನಲಾಗದು. ರಕ್ತದೊತ್ತಡ ಸಾಮಾನ್ಯವಾಗಿ ನೋಯುವುದಿಲ್ಲ. ಮಾತ್ರೆ ಬಿಟ್ಟ ದಿನವೂ ಮೈ ಹಗುರವಾಗಿಯೇ ಇರುತ್ತದೆ. ‘ಗುಣವಾಯಿತು’ ಎಂದುಕೊಳ್ಳಲು ಅಷ್ಟು ಸಾಕು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಜ್ವರದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಅನೇಕ ಶೀತದ ಮಾತ್ರೆಗಳಲ್ಲೂ ಅದೇ ಇರುತ್ತದೆ. ಹೆಸರು ಬೇರೆ, ಬಣ್ಣ ಬೇರೆ, ಆದ್ದರಿಂದ ಎರಡನ್ನೂ ನುಂಗುತ್ತೇವೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಮೀರಬಾರದ ಮಿತಿ. ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಫಾರ್ಮಸಿಸ್ಟ್ ಒಮ್ಮೆ ತೋರಿಸಿದರೆ, ಮುಂದಿನ ಸಲ ನಾವೇ ತಿರುಗಿಸಿ ಓದುತ್ತೇವೆ, ಪಕ್ಕದ ಮನೆಯವರಿಗೂ ಹೇಳುತ್ತೇವೆ. ಅಭ್ಯಾಸ ಹಬ್ಬುವುದು ಹೀಗೆ. ಗೋಡೆಯ ಮೇಲಿನ ಭಿತ್ತಿಪತ್ರಕ್ಕೆ ಅಷ್ಟು ಶಕ್ತಿಯಿದೆ ಎಂದು ನಾನು ನಂಬುವುದಿಲ್ಲ.

ಅಮೆರಿಕದ ಆಶ್‌ವಿಲ್ ನಗರದಲ್ಲಿ 1996ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಮಧುಮೇಹವಿದ್ದ ನೌಕರರನ್ನು ಫಾರ್ಮಸಿಸ್ಟರು ಮತ್ತೆ ಮತ್ತೆ ಕೂರಿಸಿಕೊಂಡು ಮಾತನಾಡಿಸಿದರು. ಅವರ ಸಕ್ಕರೆ ಹತೋಟಿಗೆ ಬರತೊಡಗಿತು.

ಆದರೆ ಹೇಳುವುದಕ್ಕೂ ಒಂದು ಬಗೆಯಿದೆ. ‘ಅರ್ಥವಾಯಿತೇ?’ ಎಂದರೆ ಎಲ್ಲರೂ ತಲೆಯಾಡಿಸುತ್ತೇವೆ. ‘ಮನೆಗೆ ಹೋದ ಮೇಲೆ ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ, ನನಗೊಮ್ಮೆ ಹೇಳಿ’ ಎಂದು ಕೇಳಿದಾಗಲೇ ತೊಡಕು ಎಲ್ಲಿದೆ ಎಂದು ತಿಳಿಯುವುದು. ಉಬ್ಬಸದವರು ಇನ್ಹೇಲರ್ ಒತ್ತಿದ ಮೇಲೆ ತಡವಾಗಿ ಉಸಿರೆಳೆದರೆ ಔಷಧ ಗಂಟಲಲ್ಲೇ ಉಳಿಯುತ್ತದೆ; ಅದು ಕಾಣುವುದು ಅವರು ಎದುರಿಗೆ ಮಾಡಿ ತೋರಿಸಿದಾಗ ಮಾತ್ರ.

ಮುಂದಿನ ಸಲ ಔಷಧ ತರಲು ಹೋಗುವಾಗ ನೀವು ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಫಾರ್ಮಸಿಸ್ಟರ ಮುಂದೆ ಹರಡಿ, ಒಂದೊಂದೂ ಯಾತಕ್ಕೆ ಎಂದು ಕೇಳಿ.

ನಮಸ್ಕಾರ.